ಬಿಯರ್ ಪಾತ್ರೆಯಲ್ಲಿ ಅಳತೆಯ ಚರಿತ್ರೆ

ಎಳೆಯ ಮಕ್ಕಳಿಗೆ ರಾಗಿ ಸರಿ ತಿನ್ನಿಸುವ ಪದ್ಧತಿ ನಮ್ಮಲ್ಲಿ ಹಳೆಯದು. ರಾಗಿಯನ್ನು ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಮೊಳಕೆ ಬಂದ ಮೇಲೆ ಒಣಗಿಸಿ, ಹದವಾಗಿ ಹುರಿದು ಬೀಸುತ್ತಾರೆ. ಈ ಹಿಟ್ಟಿನಿಂದ ಮಾಡಿದ ಸರಿ ಸಾದಾ ರಾಗಿ ಹಿಟ್ಟಿನ ಸರಿಯಷ್ಟು ಗಟ್ಟಿಯಾಗುವುದಿಲ್ಲ. ಅಷ್ಟೇ ನೀರಿಗೆ ಇನ್ನಷ್ಟು ಹಿಟ್ಟು ಹಾಕಿದರೂ ತೆಳುವಾಗಿ, ನಸು ಸಿಹಿಯಾಗಿ ಇರುತ್ತದೆ. ಮೊಳಕೆಯೊಡೆಯುವಾಗ ಕಾಳಿನೊಳಗೆ ಅಮೈಲೇಸ್ ಎಂಬ ಕಿಣ್ವ ಹೆಚ್ಚುತ್ತದೆ. ಸರಿ ಬಿಸಿಯಾಗುವಾಗ ಅದು ಪಿಷ್ಟದ ಉದ್ದನೆಯ ಸರಪಳಿಗಳನ್ನು ಕತ್ತರಿಸಿ ಸಕ್ಕರೆಯಾಗಿಸುತ್ತದೆ. ಕುದಿ ಬಂದೊಡನೆ ಕಿಣ್ವ ನಾಶವಾಗಿ ಕೆಲಸ ನಿಲ್ಲುತ್ತದೆ.

ಮೊಳಕೆ ಬರಿಸಿ ಒಣಗಿಸಿದ ಕಾಳಿಗೆ ಮಾಲ್ಟ್ ಎಂದು ಹೆಸರು. ರಾಗಿಯ ಬದಲು ಬಾರ್ಲಿಯ ಮಾಲ್ಟನ್ನು ತೆಗೆದುಕೊಂಡು, ಕುದಿಸದೆ ಒಂದು ಗೊತ್ತಾದ ತಾಪದಲ್ಲಿ ಸುಮಾರು ಒಂದು ಗಂಟೆ ಬಿಸಿನೀರಿನಲ್ಲಿ ಇಟ್ಟರೆ ಪಿಷ್ಟದ ಬಹುಭಾಗ ಸಕ್ಕರೆಯಾಗುತ್ತದೆ. ಈ ಕಲಸಿದ ಗಂಜಿಯನ್ನು 'ಮ್ಯಾಶ್' ಎನ್ನುತ್ತಾರೆ. ಅದನ್ನು ಸೋಸಿದಾಗ ದೊರೆಯುವ ಸಿಹಿ ದ್ರವ 'ವರ್ಟ್'. ವರ್ಟನ್ನು ಹಾಪ್ ಹೂಗಳೊಂದಿಗೆ ಕುದಿಸಿ, ತಣಿಸಿ, ಯೀಸ್ಟ್ ಬೆರೆಸಿ ಹುದುಗಲು ಬಿಟ್ಟರೆ ಬಿಯರ್ ಆಗುತ್ತದೆ.

ಹೇಳುವುದಕ್ಕೆ ಇದು ನಾಲ್ಕು ಸಾಲು. ಆದರೆ ಆ 'ಗೊತ್ತಾದ ತಾಪ' ಯಾವುದು, ಅದನ್ನು ಹಿಡಿಯುವುದು ಹೇಗೆ, ಬಂದ ದ್ರವದಲ್ಲಿ ಸಕ್ಕರೆ ಎಷ್ಟಿದೆ ಎಂದು ತಿಳಿಯುವುದು ಹೇಗೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾ ಹೋದ ಕಸುಬುದಾರರು ಉಷ್ಣವಿಜ್ಞಾನದ ಚರಿತ್ರೆಯ ಜೊತೆಜೊತೆಗೇ ನಡೆದರು. ಇಂದು ಇಂಗ್ಲೆಂಡ್, ಅಮೆರಿಕಗಳಲ್ಲಿ ಅಡುಗೆಮನೆಯಲ್ಲೇ ಮಾಲ್ಟಿನಿಂದ ಬಿಯರ್ ಮಾಡಲು ಕಲಿಯುವ ಹವ್ಯಾಸಿಯೂ ಅದೇ ದಾರಿಯನ್ನು ಮತ್ತೊಮ್ಮೆ ನಡೆಯುತ್ತಾನೆ. ಆ ದಾರಿಯ ಪರಿಚಯವೇ ಈ ಲೇಖನದ ಉದ್ದೇಶ, ಕುಡಿತದ ಪ್ರಚಾರವಲ್ಲ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯಿದೆಯಂತೆ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ ಎಂಬುದನ್ನು ಮೊದಲೇ ನೆನಪಿಸುತ್ತೇವೆ.

ಕಣ್ಣು, ಕೈ ಮತ್ತು ಕುದಿ

ತಾಪಮಾಪಕ ಇಲ್ಲದ ಕಾಲದಲ್ಲೂ ಒಳ್ಳೆಯ ಬಿಯರ್ ಆಗುತ್ತಿತ್ತು. ಇಂಗ್ಲೆಂಡಿನಲ್ಲಿ ಬಳಕೆಯಲ್ಲಿದ್ದ ಒಂದು ಉಪಾಯ ಹೀಗಿತ್ತು: ನೀರನ್ನು ಕುದಿಸಿ ಬೇರೆ ತೊಟ್ಟಿಗೆ ಹಾಕುವುದು, ಮೊದಲಿಗೆ ದಟ್ಟ ಹಬೆ ಏಳುತ್ತಿರುತ್ತದೆ, ಹಬೆ ಕಡಿಮೆಯಾಗಿ ನೀರಿನಲ್ಲಿ ತನ್ನ ಮುಖದ ಬಿಂಬ ಕಂಡಾಗ ಮಾಲ್ಟನ್ನು ಬೆರೆಸುವುದು. ಕುದಿಯುವ ನೀರಿಗೆ ಗೊತ್ತಾದಷ್ಟು ಕೊಡ ತಣ್ಣೀರು ಸೇರಿಸುವುದು ಇನ್ನೊಂದು ಉಪಾಯ. ಬೆರಳು ಅಥವಾ ಮೊಣಕೈ ಅದ್ದಿ ನೋಡುವುದು ಎಲ್ಲೆಡೆ ಇದ್ದ ಕ್ರಮ.

ಮುಖದ ಬಿಂಬ ಕಾಣುವುದು ನೀರಿನ ತಾಪವನ್ನು ಮಾತ್ರ ಅವಲಂಬಿಸಿಲ್ಲ. ಚಳಿಗಾಲದ ಬೆಳಿಗ್ಗೆ ಹಬೆ ಹೆಚ್ಚು ಕಾಲ ನಿಲ್ಲುತ್ತದೆ, ಬೇಸಿಗೆಯಲ್ಲಿ ಬೇಗ ಕರಗುತ್ತದೆ. ಆದ್ದರಿಂದ ಒಂದೇ ಕೈ, ಒಂದೇ ಪಾತ್ರೆ, ಒಂದೇ ಋತು ಇದ್ದಾಗ ಈ ಉಪಾಯ ಚೆನ್ನಾಗಿ ನಡೆಯುತ್ತಿತ್ತು. ಏನಾದರೊಂದು ಬದಲಾದರೆ ಕೈಕೊಡುತ್ತಿತ್ತು.

ಮಧ್ಯ ಯೂರೋಪಿನ ಬವೇರಿಯ, ಬೊಹೀಮಿಯ ಪ್ರದೇಶಗಳ ಕಸುಬುದಾರರು ಇದಕ್ಕಿಂತ ಜಾಣತನದ ವಿಧಾನವೊಂದನ್ನು ರೂಢಿಸಿಕೊಂಡಿದ್ದರು. ಅವರು ಮ್ಯಾಶ್‌ನ ಸುಮಾರು ಮೂರನೇ ಒಂದು ಭಾಗವನ್ನು ತೆಗೆದು, ಬೇರೆ ಪಾತ್ರೆಯಲ್ಲಿ ಕುದಿಸಿ, ಮತ್ತೆ ಮೂಲ ಪಾತ್ರೆಗೆ ಸುರಿಯುತ್ತಿದ್ದರು. ಇದರ ಒಳಗುಟ್ಟನ್ನು ಸಣ್ಣ ಲೆಕ್ಕದಿಂದ ತಿಳಿಯೋಣ. ಮ್ಯಾಶ್ 50 ಡಿಗ್ರಿ ಸೆಲ್ಸಿಯಸ್‌ನಲ್ಲಿದೆ ಎನ್ನೋಣ. ಮೂರರಲ್ಲಿ ಎರಡು ಪಾಲು 50 ಡಿಗ್ರಿಯಲ್ಲಿ ಉಳಿದು, ಒಂದು ಪಾಲು 100 ಡಿಗ್ರಿ ತಲುಪಿ ಬೆರೆತರೆ ಒಟ್ಟು ತಾಪ (50+50+100)÷3, ಅಂದರೆ ಸುಮಾರು 67 ಡಿಗ್ರಿ. ಸಾಗಿಸುವಾಗ ಸ್ವಲ್ಪ ಉಷ್ಣ ಕಳೆದುಹೋಗಿ 65ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಪಿಷ್ಟ ಸಕ್ಕರೆಯಾಗಲು ಬೇಕಾದದ್ದು ಇದೇ ತಾಪ! ತಾಪಮಾಪಕ ಇಲ್ಲದಿದ್ದರೂ ಕುದಿಯುವ ಬಿಂದು ಎಂಬ ಸ್ಥಿರ ಗುರುತು ಪ್ರಕೃತಿಯಲ್ಲೇ ಇದೆ. ತಾಪವನ್ನು ಅಳೆಯಲಾಗದವರು ಪಾಲುಗಳನ್ನು ಅಳೆದರು.

ಬಚ್ಚಿಟ್ಟ ತಾಪಮಾಪಕ

ಫ್ಯಾರನ್‌ಹೀಟ್ 1714ರಲ್ಲಿ ಪಾದರಸದ ತಾಪಮಾಪಕವನ್ನು ರೂಪಿಸಿದ. ಅದು ಬಿಯರ್ ತಯಾರಕರ ಕೈ ಸೇರಲು ಸುಮಾರು ಅರ್ಧ ಶತಮಾನ ಹಿಡಿಯಿತು. ಇಂಗ್ಲೆಂಡಿನ ಮೈಕೇಲ್ ಕಾಂಬ್ರೂನ್ ಎಂಬ ತಯಾರಕ 1758ರಲ್ಲಿ ಒಂದು ಪ್ರಬಂಧವನ್ನೂ, 1762ರಲ್ಲಿ ಬಿಯರ್ ತಯಾರಿಕೆಯ ಸಿದ್ಧಾಂತ ಮತ್ತು ಪ್ರಯೋಗಗಳ ಬಗ್ಗೆ ದೊಡ್ಡ ಗ್ರಂಥವನ್ನೂ ಪ್ರಕಟಿಸಿದ. ಮಾಲ್ಟನ್ನು ಯಾವ ತಾಪದಲ್ಲಿ ಒಣಗಿಸಿದರೆ ಯಾವ ಬಣ್ಣ ಬರುತ್ತದೆ, ಯಾವ ತಾಪದ ನೀರು ಹಾಕಬೇಕು ಎಂಬುದನ್ನು ಅಂಕಿಗಳಲ್ಲಿ ಹೇಳುವ ಪ್ರಯತ್ನ ಅದರಲ್ಲಿತ್ತು. ಅವನ ಅನೇಕ ವಿವರಣೆಗಳನ್ನು ಇಂದಿನ ರಸಾಯನವಿಜ್ಞಾನ ಒಪ್ಪುವುದಿಲ್ಲ. ಆದರೆ 'ಕೈಗೆ ಸುಡುವಷ್ಟು' ಎಂಬ ಮಾತಿನ ಜಾಗದಲ್ಲಿ ಒಂದು ಸಂಖ್ಯೆ ಬಂದದ್ದೇ ದೊಡ್ಡ ಹೆಜ್ಜೆ.

ಈ ಹೆಜ್ಜೆಯನ್ನು ಎಲ್ಲರೂ ಸ್ವಾಗತಿಸಲಿಲ್ಲ. ಹ್ಯಾಂಪ್‌ಷೈರಿನ ಆಲ್ಟನ್ ಊರಿನ ಜೇಮ್ಸ್ ಬ್ಯಾವರ್‌ಸ್ಟಾಕ್ ಎಂಬ ಯುವಕ ತಾಪಮಾಪಕವೊಂದನ್ನು ಕೊಂಡು, ಅದೇ ಕಸುಬಿನವನಾದ ತನ್ನ ತಂದೆಯ ಕಣ್ಣಿಗೆ ಬೀಳದಂತೆ ಬಚ್ಚಿಟ್ಟು ಬಳಸುತ್ತಿದ್ದ. ತಂದೆಗೆ ಇಂಥ ಹೊಸ ಸಲಕರಣೆಗಳು ಸೇರುತ್ತಿರಲಿಲ್ಲ. ನಲವತ್ತು ವರ್ಷ ಬೆರಳಿನಿಂದ ಕಲಿತದ್ದನ್ನು ಗಾಜಿನ ಕೊಳವೆಯೊಂದು ಹೇಳಿಬಿಡುತ್ತದೆ ಎಂದರೆ ಯಾವ ಹಿರಿಯ ಕಸುಬುದಾರ ತಾನೆ ಸುಲಭವಾಗಿ ಒಪ್ಪಿಯಾನು?

ತೇಲುವ ಕಡ್ಡಿ ತೋರಿಸಿದ ಸತ್ಯ

ಬ್ಯಾವರ್‌ಸ್ಟಾಕ್ ಅಷ್ಟಕ್ಕೇ ನಿಲ್ಲಲಿಲ್ಲ. 1768ರ ವೇಳೆಗೆ ಆತ ಹೈಡ್ರೋಮೀಟರನ್ನು ವರ್ಟ್‌ನಲ್ಲಿ ತೇಲಿಬಿಟ್ಟು ನೋಡತೊಡಗಿದ. ಕೆಳಗೆ ಭಾರದ ಉಂಡೆ, ಮೇಲೆ ಗುರುತು ಹಾಕಿದ ಕಡ್ಡಿ ಇರುವ ಈ ಸಾಧನ ಆರ್ಕಿಮಿಡೀಸನ ತತ್ತ್ವದ ಮೇಲೆ ಕೆಲಸ ಮಾಡುತ್ತದೆ. ದ್ರವದಲ್ಲಿ ಸಕ್ಕರೆ ಹೆಚ್ಚಿದಷ್ಟೂ ಸಾಂದ್ರತೆ ಹೆಚ್ಚಿ ಕಡ್ಡಿ ಮೇಲೇಳುತ್ತದೆ. ಆತ ಇದನ್ನು ಲಂಡನ್ನಿನ ಬಹು ದೊಡ್ಡ ತಯಾರಕರಲ್ಲೊಬ್ಬರಾದ ಸ್ಯಾಮ್ಯುಯೆಲ್ ವಿಟ್‌ಬ್ರೆಡ್‌ಗೆ ತೋರಿಸಿದಾಗ, ಇಂಥ ಕನಸುಗಳನ್ನು ಬಿಟ್ಟು ಕಸುಬು ನೋಡಿಕೊಳ್ಳುವಂತೆ ಬುದ್ಧಿಮಾತು ಸಿಕ್ಕಿತು. ಇನ್ನೊಬ್ಬ ದೊಡ್ಡ ತಯಾರಕ ಹೆನ್ರಿ ಥ್ರೇಲ್ ಮಾತ್ರ ಆಸಕ್ತಿ ತೋರಿದರು.

ಈ ಸಾಧನಕ್ಕೆ ವ್ಯವಸ್ಥಿತ ರೂಪ ಕೊಟ್ಟವನು ಹಲ್ ನಗರದ ಜಾನ್ ರಿಚರ್ಡ್‌ಸನ್. 1784ರಲ್ಲಿ ಪ್ರಕಟವಾದ ಅವನ ಪುಸ್ತಕ ಶರ್ಕರಮಾಪಕದ, ಅಂದರೆ ಬಿಯರ್ ಕೆಲಸಕ್ಕೆಂದೇ ಗುರುತು ಹಾಕಿದ ಹೈಡ್ರೋಮೀಟರಿನ, ಉಪಯೋಗವನ್ನು ವಿವರಿಸಿತು. ಅವನ ಅಳತೆ ಸರಳ: ಒಂದು ಪೀಪಾಯಿ ವರ್ಟ್ ಅಷ್ಟೇ ಗಾತ್ರದ ನೀರಿಗಿಂತ ಎಷ್ಟು ಪೌಂಡ್ ಹೆಚ್ಚು ತೂಗುತ್ತದೆ?

ಇದರ ಪರಿಣಾಮ ಅನಿರೀಕ್ಷಿತವಾಗಿತ್ತು. ಅಂದಿನ ಲಂಡನ್ನಿನ ಜನಪ್ರಿಯ ಪಾನೀಯ ಪೋರ್ಟರ್. ಅದನ್ನು ಸೌದೆಯ ಬೆಂಕಿಯಲ್ಲಿ ಹೆಚ್ಚು ಕಾಯಿಸಿದ ಕಂದು ಮಾಲ್ಟಿನಿಂದ ಮಾಡುತ್ತಿದ್ದರು. ಕಂದು ಮಾಲ್ಟ್ ಅಗ್ಗ, ತಿಳಿಬಣ್ಣದ ಮಾಲ್ಟ್ ದುಬಾರಿ. ಹಾಗಾಗಿ ಕಂದು ಮಾಲ್ಟೇ ಲಾಭಕರವೆಂದು ಎಲ್ಲರೂ ನಂಬಿದ್ದರು. ಶರ್ಕರಮಾಪಕ ಬೇರೆಯೇ ಕಥೆ ಹೇಳಿತು. ಅಷ್ಟೇ ಮಾಲ್ಟಿನಿಂದ ಬರುವ ಸಕ್ಕರೆಯ ಅಂಶ ಕಂದು ಮಾಲ್ಟಿನಲ್ಲಿ ಗಣನೀಯವಾಗಿ ಕಡಿಮೆ ಇತ್ತು. ಬೆಲೆಯನ್ನು ಮಾಲ್ಟಿನ ಚೀಲಕ್ಕಲ್ಲ, ಅದರಿಂದ ಬಂದ ಸಕ್ಕರೆಗೆ ಲೆಕ್ಕ ಹಾಕಿದಾಗ ದುಬಾರಿಯೇ ಅಗ್ಗವಾಗಿ ಕಂಡಿತು!

ತಯಾರಕರು ತಿಳಿಬಣ್ಣದ ಮಾಲ್ಟಿನತ್ತ ತಿರುಗಿದರು. ಆದರೆ ಗಿರಾಕಿಗೆ ಪೋರ್ಟರ್ ಎಂದರೆ ಕಪ್ಪಗಿರಬೇಕು. ಈ ಕೊರತೆಯನ್ನು ತುಂಬಿದ್ದು 1817ರಲ್ಲಿ ಡೇನಿಯಲ್ ವೀಲರ್ ಪಡೆದ ಪೇಟೆಂಟ್. ಕಾಫಿ ಬೀಜ ಹುರಿಯುವಂತೆ ತಿರುಗುವ ಉರುಳೆಯಲ್ಲಿ ಮಾಲ್ಟನ್ನು ಕಪ್ಪಾಗುವವರೆಗೆ ಹುರಿದು, ಅದನ್ನು ಸ್ವಲ್ಪವೇ ಬೆರೆಸಿ ಬಣ್ಣ ತರುವ ವಿಧಾನವದು. ಒಂದು ತೇಲುವ ಕಡ್ಡಿ ಒಂದು ನಗರದ ಪಾನೀಯದ ಪಾಕವನ್ನೇ ಬದಲಾಯಿಸಿತು. ಅಳತೆಯ ಸಾಧನ ಇದ್ದದ್ದನ್ನು ತೋರಿಸಿ ಸುಮ್ಮನಿರುವುದಿಲ್ಲ, ಮುಂದೆ ಏನು ಮಾಡಬೇಕೆಂಬುದನ್ನೂ ಬದಲಾಯಿಸುತ್ತದೆ ಎಂಬುದಕ್ಕೆ ಇದೊಂದು ಒಳ್ಳೆಯ ನಿದರ್ಶನ.

ಉಷ್ಣ ಬೇರೆ, ತಾಪ ಬೇರೆ

ಇದೇ ಕಾಲದಲ್ಲಿ, 1760ರ ಸುಮಾರಿಗೆ, ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ಬ್ಲ್ಯಾಕ್ ಎಂಬ ಪ್ರಾಧ್ಯಾಪಕರು ಮಿಶ್ರಣಗಳ ಬಗ್ಗೆ ಯೋಚಿಸುತ್ತಿದ್ದರು. ಸಮಗಾತ್ರದ ಬಿಸಿ ಪಾದರಸವನ್ನೂ ತಣ್ಣೀರನ್ನೂ ಬೆರೆಸಿದರೆ ಮಿಶ್ರಣದ ತಾಪ ನಡುಮಧ್ಯೆ ನಿಲ್ಲುವುದಿಲ್ಲ. ನೀರಿನ ತಾಪದ ಕಡೆಗೆ ವಾಲುತ್ತದೆ. ಪಾದರಸ ನೀರಿಗಿಂತ ಹದಿಮೂರು ಪಟ್ಟಿಗೂ ಹೆಚ್ಚು ಭಾರವಿದ್ದರೂ ಹೀಗೇಕೆ? ಒಂದೊಂದು ವಸ್ತುವಿಗೂ ಒಂದು ಡಿಗ್ರಿ ಏರಲು ಬೇಕಾಗುವ ಉಷ್ಣ ಬೇರೆಬೇರೆ ಎಂಬ ತೀರ್ಮಾನಕ್ಕೆ ಬ್ಲ್ಯಾಕ್ ಬಂದರು. ಇದನ್ನೇ ಇಂದು ನಾವು ವಿಶಿಷ್ಟೋಷ್ಣ ಎನ್ನುತ್ತೇವೆ.

ಮಾಲ್ಟಿನ ತೊಟ್ಟಿಯ ಒಗಟು ಬಿಡುವುದು ಇಲ್ಲಿಯೇ. ಬಿಸಿನೀರಿಗೆ ತಣ್ಣಗಿನ ಮಾಲ್ಟ್ ಹಾಕಿದಾಗ ತಾಪ ಎಷ್ಟು ಇಳಿಯುತ್ತದೆ ಎಂಬುದು ಮಾಲ್ಟಿನ ತೂಕವೊಂದರಿಂದಲೇ ತಿಳಿಯುವುದಿಲ್ಲ. ಅದರ ವಿಶಿಷ್ಟೋಷ್ಣವೂ ಬೇಕು. ಒಣ ಮಾಲ್ಟಿನದು ನೀರಿನ ಸುಮಾರು 0.4ರಷ್ಟು. ಅಂದರೆ 1 ಕಿ.ಗ್ರಾಂ. ಮಾಲ್ಟ್ ಹೀರುವ ಉಷ್ಣ, 400 ಗ್ರಾಂ ನೀರು ಹೀರುವಷ್ಟೇ.

ಬಿಯರ್ ತೊಟ್ಟಿಗೂ ಭೌತವಿಜ್ಞಾನಕ್ಕೂ ನಂಟು ಮುಂದೆಯೂ ಉಳಿಯಿತು. ಉಷ್ಣ ಮತ್ತು ಕೆಲಸದ ಸಮಾನತೆಯನ್ನು ಅಳೆದ ಜೇಮ್ಸ್ ಜೂಲ್ ಸಾಲ್‌ಫೋರ್ಡಿನ ಬಿಯರ್ ತಯಾರಕರ ಮನೆಯ ಮಗ. ಡಿಗ್ರಿ ಫ್ಯಾರನ್‌ಹೀಟ್‌ನ ಇನ್ನೂರನೇ ಒಂದು ಭಾಗವನ್ನು ಗುರುತಿಸಬಲ್ಲೆನೆಂದು 1840ರ ದಶಕದಲ್ಲಿ ಆತ ಹೇಳಿದಾಗ ಹಲವರಿಗೆ ನಂಬಿಕೆ ಬರಲಿಲ್ಲ. ತಾಪಮಾಪಕ ಹಿಡಿಯುವುದು ಮನೆಯ ಕಸುಬಿನ ಭಾಗವೇ ಆಗಿದ್ದ ವಾತಾವರಣ ಆತನಿಗೆ ನೆರವಾಯಿತೆಂದು ವಿಜ್ಞಾನದ ಇತಿಹಾಸಕಾರರು ಗುರುತಿಸಿದ್ದಾರೆ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ 1909ರಲ್ಲಿ ಸೋರೆನ್‌ಸೆನ್ ಪಿಎಚ್ ಮಾನವನ್ನು ರೂಪಿಸಿದರು. ಡಬ್ಲಿನ್ನಿನ ಗಿನ್ನೆಸ್ ಕಂಪನಿಯ ನೌಕರ ವಿಲಿಯಂ ಗಾಸೆಟ್ 1908ರಲ್ಲಿ 'ಸ್ಟೂಡೆಂಟ್' ಎಂಬ ಗುಪ್ತನಾಮದಲ್ಲಿ, ಕೆಲವೇ ಅಳತೆಗಳಿಂದ ಎಷ್ಟರಮಟ್ಟಿಗೆ ತೀರ್ಮಾನಕ್ಕೆ ಬರಬಹುದೆಂಬ ಸಂಖ್ಯಾಶಾಸ್ತ್ರದ ಪರೀಕ್ಷೆಗೆ ಬುನಾದಿ ಹಾಕಿದರು.

ಎರಡು ಕಿಣ್ವಗಳ ಕಿತ್ತಾಟ

ತಾಪ ಸಂಖ್ಯೆಯಾಯಿತು, ಸಿಹಿ ಸಂಖ್ಯೆಯಾಯಿತು. ಆದರೆ ಆ ನಿರ್ದಿಷ್ಟ ತಾಪವೇ ಏಕೆ ಬೇಕು? 1833ರಲ್ಲಿ ಫ್ರಾನ್ಸಿನ ಪಾಯೆನ್ ಮತ್ತು ಪೆರ್ಸೊ ಮಾಲ್ಟಿನ ಸಾರಕ್ಕೆ ಆಲ್ಕೊಹಾಲ್ ಬೆರೆಸಿ ಬಿಳಿಯ ಗಷ್ಟನ್ನು ಬೇರ್ಪಡಿಸಿದರು. ಅದು ಪಿಷ್ಟವನ್ನು ಸಕ್ಕರೆಯಾಗಿಸುತ್ತಿತ್ತು. ಕುದಿಸಿದರೆ ಆ ಶಕ್ತಿ ಕಳೆದುಕೊಳ್ಳುತ್ತಿತ್ತು. ಅದಕ್ಕೆ ಅವರು 'ಡಯಾಸ್ಟೇಸ್' ಎಂದು ಹೆಸರಿಟ್ಟರು. ಹೀಗೆ ಬೇರ್ಪಡಿಸಲಾದ ಮೊದಲ ಕಿಣ್ವ ಇದು.

ಡಯಾಸ್ಟೇಸ್‌ನಲ್ಲಿ ಮುಖ್ಯವಾಗಿ ಎರಡು ಕಿಣ್ವಗಳಿವೆ ಎಂದು ಈಗ ತಿಳಿದಿದೆ. ಬೀಟಾ ಅಮೈಲೇಸ್ ಸರಪಳಿಯ ತುದಿಯಿಂದ ಸಣ್ಣ ಸಕ್ಕರೆಗಳನ್ನು ಕತ್ತರಿಸುತ್ತದೆ. 60ರಿಂದ 65 ಡಿಗ್ರಿಯ ನಡುವೆ ಚುರುಕಾಗಿದ್ದು, 70 ದಾಟಿದರೆ ಬೇಗ ನಾಶವಾಗುತ್ತದೆ. ಆಲ್ಫಾ ಅಮೈಲೇಸ್ ಸರಪಳಿಯನ್ನು ಎಲ್ಲೆಂದರಲ್ಲಿ ತುಂಡರಿಸುತ್ತದೆ. 70 ಡಿಗ್ರಿಯ ಸುತ್ತ ಅದಕ್ಕೆ ಹುರುಪು ಹೆಚ್ಚು. ಮ್ಯಾಶ್ 64 ಡಿಗ್ರಿಯಲ್ಲಿದ್ದರೆ ಯೀಸ್ಟ್ ಪೂರ್ತಿ ತಿನ್ನಬಲ್ಲ ಸಕ್ಕರೆ ಹೆಚ್ಚಾಗಿ ಪಾನೀಯ ತೆಳುವಾಗುತ್ತದೆ. 69 ಡಿಗ್ರಿಯಲ್ಲಿದ್ದರೆ ಯೀಸ್ಟ್ ತಿನ್ನಲಾರದ ದೊಡ್ಡ ತುಣುಕುಗಳು ಉಳಿದು ದಪ್ಪವಾಗುತ್ತದೆ. ಐದು ಡಿಗ್ರಿಯ ಅಂತರದಲ್ಲಿ ಎರಡು ಬೇರೆ ಪಾನೀಯಗಳು! ಬೆರಳು ಈ ಅಂತರವನ್ನು ನಂಬಲರ್ಹವಾಗಿ ಹೇಳಲಾರದು.

ಮನೆಯಿಂದ ಹೋದದ್ದು ಮನೆಗೆ ಬಂದದ್ದು

ಮಧ್ಯಯುಗದ ಇಂಗ್ಲೆಂಡಿನಲ್ಲಿ ಬಿಯರ್ ಕಾಯಿಸುವುದು ಬಹುಪಾಲು ಮನೆಗೆಲಸವಾಗಿತ್ತು, ಹೆಂಗಸರ ಕೆಲಸವಾಗಿತ್ತು. ಹದಿನೆಂಟನೇ ಶತಮಾನದ ಹೊತ್ತಿಗೆ ಅದು ದೊಡ್ಡ ತೊಟ್ಟಿಗಳ, ದೊಡ್ಡ ಬಂಡವಾಳದ ಉದ್ಯಮವಾಯಿತು. ತಾಪಮಾಪಕ ಮತ್ತು ಶರ್ಕರಮಾಪಕಗಳು ಲಾಭ ತಂದದ್ದು ಅಂಥವರಿಗೇ. ಹತ್ತಿರದಲ್ಲೇ ತೆರಿಗೆಯ ಅಧಿಕಾರಿಯೂ ನಿಂತಿದ್ದ. 1880ರಲ್ಲಿ ಪ್ರಧಾನಿ ಗ್ಲ್ಯಾಡ್‌ಸ್ಟನ್ ಮಾಲ್ಟಿನ ಮೇಲಿನ ತೆರಿಗೆಯನ್ನು ತೆಗೆದು, ಹುದುಗುವ ಮೊದಲಿನ ವರ್ಟ್‌ನ ಸಾಂದ್ರತೆಯ ಆಧಾರದ ಮೇಲೆ ಬಿಯರಿಗೇ ತೆರಿಗೆ ಹಾಕಿದರು. ಬ್ಯಾವರ್‌ಸ್ಟಾಕ್ ಕೈಯಲ್ಲಿದ್ದ ತೇಲುವ ಕಡ್ಡಿ ಈಗ ಸರ್ಕಾರದ ಕೈ ಸೇರಿತು. ಅದೇ ಕಾಯಿದೆಯಂತೆ ಮನೆಯಲ್ಲಿ ಮಾಡುವವರಿಗೂ ಪರವಾನಗಿ ಅಗತ್ಯವಾಯಿತು.

ಈ ಪರವಾನಗಿ ರದ್ದಾದದ್ದು 1963ರಲ್ಲಿ, ಹಣಕಾಸು ಸಚಿವ ರೆಜಿನಾಲ್ಡ್ ಮಾಡ್ಲಿಂಗ್ ಅವರ ಆಯವ್ಯಯದಲ್ಲಿ. ಮಾರಾಟ ಮಾಡದೆ ಸ್ವಂತಕ್ಕೆ ಮಾಡಿಕೊಳ್ಳುವವರಿಗೆ ತೆರಿಗೆಯಾಗಲಿ ಪರವಾನಗಿಯಾಗಲಿ ಬೇಡವಾಯಿತು. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧವಿತ್ತು. ಅದು ತೆರವಾದಾಗ ಮನೆಯ ದ್ರಾಕ್ಷಾರಸಕ್ಕೆ ಅವಕಾಶ ಸಿಕ್ಕಿತೇ ಹೊರತು ಮನೆಯ ಬಿಯರಿಗೆ ಸಿಗಲಿಲ್ಲ. 1978ರ ಅಕ್ಟೋಬರ್ 14ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯಿದೆ 1979ರ ಫೆಬ್ರವರಿಯಿಂದ ಈ ಕೊರತೆ ನೀಗಿಸಿತು: ವರ್ಷಕ್ಕೆ ಒಬ್ಬ ವಯಸ್ಕರಿಗೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಗೆ 200 ಗ್ಯಾಲನ್. ರಾಜ್ಯಗಳು ಬೇರೆ ನಿಯಮ ಮಾಡಬಹುದಾಗಿದ್ದರಿಂದ ಕೊನೆಯ ಎರಡು ರಾಜ್ಯಗಳಾದ ಅಲಬಾಮ, ಮಿಸಿಸಿಪಿಗಳಲ್ಲಿ ಅನುಮತಿ ಬಂದದ್ದು 2013ರಲ್ಲಿ. 1978ರಲ್ಲೇ ಕೊಲರಾಡೊದ ಬೋಲ್ಡರ್ ನಗರದಲ್ಲಿ ಚಾರ್ಲಿ ಪಪೇಜಿಯನ್ ಮತ್ತು ಗೆಳೆಯರು ಹವ್ಯಾಸಿಗಳ ಸಂಘವನ್ನು ಕಟ್ಟಿದರು.

ಆರಂಭದಲ್ಲಿ ಬಹುಮಂದಿ ಹವ್ಯಾಸಿಗಳು ಡಬ್ಬಿಯಲ್ಲಿ ಬರುವ ಮಾಲ್ಟ್ ಪಾಕವನ್ನು ನೀರಿಗೆ ಕಲಸಿ ಹುದುಗಿಸುತ್ತಿದ್ದರು. ಪಿಷ್ಟವನ್ನು ಸಕ್ಕರೆಯಾಗಿಸುವ ಕೆಲಸವನ್ನು ಕಾರ್ಖಾನೆಯೇ ಮುಗಿಸಿರುತ್ತಿತ್ತು. ಕುತೂಹಲ ಬೆಳೆದವರು ಕಾಳಿನಿಂದಲೇ ಆರಂಭಿಸಲು ಬಯಸಿದರು. ಅದಕ್ಕೆ ಬೇಕಾದ ತೊಟ್ಟಿಯನ್ನು ಪ್ರವಾಸಕ್ಕೆ ಒಯ್ಯುವ, ಉಷ್ಣ ಸೋರದ ತಂಪುಪೆಟ್ಟಿಗೆಯಿಂದಲೇ ಮಾಡಿಕೊಂಡರು. 2000ರ ದಶಕದ ಮಧ್ಯದಲ್ಲಿ ಆಸ್ಟ್ರೇಲಿಯದ ಹವ್ಯಾಸಿಗಳು ಮಾಲ್ಟನ್ನು ಬಟ್ಟೆಯ ಚೀಲದಲ್ಲಿಟ್ಟು ಒಂದೇ ಪಾತ್ರೆಯಲ್ಲಿ ಎಲ್ಲ ಕೆಲಸ ಮುಗಿಸುವ ಸುಲಭ ವಿಧಾನವನ್ನು ಬಳಕೆಗೆ ತಂದರು. ಹೀಗೆ ಮನೆ ಬಿಟ್ಟು ಹೋಗಿದ್ದ ವಿದ್ಯೆ ತಾಪಮಾಪಕ, ಹೈಡ್ರೋಮೀಟರುಗಳ ಸಮೇತ ಮನೆಗೆ ಮರಳಿತು.

ಒಂದು ಪಾತ್ರೆಯ ಲೆಕ್ಕ

ಈ ಹವ್ಯಾಸಿ ಮಾಡುವ ಲೆಕ್ಕವನ್ನು ಒಂದು ಉದಾಹರಣೆಯಿಂದ ನೋಡೋಣ. ಹುದುಗಿಸುವ ಪಾತ್ರೆಗೆ 20 ಲೀಟರ್ ವರ್ಟ್ ಬೇಕು. ಮಾಲ್ಟ್ 5 ಕಿ.ಗ್ರಾಂ., ಕೋಣೆಯ ತಾಪ 20 ಡಿಗ್ರಿ, ಮ್ಯಾಶ್ 66 ಡಿಗ್ರಿಯಲ್ಲಿ ನಿಲ್ಲಬೇಕು.

ಮೊದಲು ನೀರಿನ ಲೆಕ್ಕ. ಇದನ್ನು ಹಿಂದಿನಿಂದ ಮುಂದಕ್ಕೆ ಹಾಕಬೇಕು. ಕುದಿಸುವ ಪಾತ್ರೆಯ ತಳದಲ್ಲಿ ಗಷ್ಟಿನೊಂದಿಗೆ 1.5 ಲೀಟರ್ ಉಳಿಯುತ್ತದೆ ಎನ್ನೋಣ. ಆಗ ತಣಿದ ವರ್ಟ್ 21.5 ಲೀಟರ್ ಇರಬೇಕು. ಕುದಿಯುವ ನೀರು ತಣಿದಾಗ ಸುಮಾರು ಶೇಕಡ 4ರಷ್ಟು ಕುಗ್ಗುತ್ತದೆ. ಆದ್ದರಿಂದ ಬಿಸಿಯಾಗಿದ್ದಾಗ 22.4 ಲೀಟರ್. ಒಂದು ಗಂಟೆಯ ಕುದಿತದಲ್ಲಿ 4 ಲೀಟರ್ ಆವಿಯಾಗುವುದಾದರೆ ಕುದಿಯ ಮೊದಲು 26.4 ಲೀಟರ್. ಪ್ರತಿ ಕಿ.ಗ್ರಾಂ. ಮಾಲ್ಟ್ ಸುಮಾರು 1 ಲೀಟರ್ ನೀರನ್ನು ಹೀರಿ ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಆದ್ದರಿಂದ ಒಟ್ಟು ನೀರು 31.4 ಲೀಟರ್. ಇದರಲ್ಲಿ ಪ್ರತಿ ಕಿ.ಗ್ರಾಂ. ಮಾಲ್ಟಿಗೆ 3 ಲೀಟರಿನಂತೆ 15 ಲೀಟರ್ ಮ್ಯಾಶ್‌ಗೆ. ಉಳಿದ 16.4 ಲೀಟರ್, ಕಾಳಿಗೆ ಅಂಟಿದ ಸಕ್ಕರೆಯನ್ನು ತೊಳೆದು ತೆಗೆಯಲು.

ಪಾತ್ರೆಗಳ ಅಳತೆಯೂ ಇದರಿಂದಲೇ ಸಿಗುತ್ತದೆ. ನೀರಿನೊಳಗೆ 1 ಕಿ.ಗ್ರಾಂ. ಮಾಲ್ಟ್ ಸುಮಾರು 0.67 ಲೀಟರ್ ಜಾಗ ಹಿಡಿಯುತ್ತದೆ. ಆಗ ಮ್ಯಾಶ್‌ನ ಗಾತ್ರ 15+3.35, ಅಂದರೆ 18.35 ಲೀಟರ್. ಕಲಕಲು ಎಡೆ ಬೇಕಾದ್ದರಿಂದ 25 ಲೀಟರಿನ ತೊಟ್ಟಿ ಸಾಕು. ಕುದಿಸುವ ಪಾತ್ರೆ ಮಾತ್ರ 26.4 ಲೀಟರಿನ ಮೇಲೆ ನೊರೆ ಉಕ್ಕಲು ಜಾಗ ಬಿಟ್ಟು 35 ಲೀಟರಾದರೂ ಇರಬೇಕು. 20 ಲೀಟರ್ ಬಿಯರಿಗೆ 20 ಲೀಟರಿನ ಪಾತ್ರೆ ಕೊಂಡವರು ಮೊದಲ ದಿನವೇ ಪೇಚಿಗೆ ಸಿಲುಕುತ್ತಾರೆ.

ಇನ್ನು ತಾಪದ ಲೆಕ್ಕ. ಇದು ಬ್ಲ್ಯಾಕ್ ಕಲಿಸಿದ್ದು. 5 ಕಿ.ಗ್ರಾಂ. ಮಾಲ್ಟನ್ನು 20ರಿಂದ 66 ಡಿಗ್ರಿಗೆ ಏರಿಸಲು 5×0.41×46, ಅಂದರೆ ಸುಮಾರು 94 ಕಿಲೋಕ್ಯಾಲೊರಿ ಬೇಕು. ಇದನ್ನು 15 ಲೀಟರ್ ನೀರು ಕೊಡಬೇಕು. 94ನ್ನು 15ರಿಂದ ಭಾಗಿಸಿದರೆ 6.3. ಆದ್ದರಿಂದ ನೀರು 66+6.3, ಅಂದರೆ 72.3 ಡಿಗ್ರಿಯಲ್ಲಿರಬೇಕು.

ಕೊನೆಯದು ಸಿಹಿಯ ಲೆಕ್ಕ. ಒಳ್ಳೆಯ ಮಾಲ್ಟಿನ 1 ಕಿ.ಗ್ರಾಂ.ನಿಂದ ಪ್ರಯೋಗಾಲಯದಲ್ಲಿ 1 ಲೀಟರಿಗೆ ಸುಮಾರು 300 ಅಂಶ ದೊರೆಯುತ್ತದೆ. ಸಾಪೇಕ್ಷ ಸಾಂದ್ರತೆ 1ಕ್ಕಿಂತ ಎಷ್ಟು ಸಾವಿರಾಂಶ ಹೆಚ್ಚು ಎಂಬುದೇ ಇಲ್ಲಿ 'ಅಂಶ'. 5 ಕಿ.ಗ್ರಾಂ.ಗೆ 1500. ಮನೆಯ ಸಲಕರಣೆಯಲ್ಲಿ ಅದರ ಶೇಕಡ 75ರಷ್ಟು ಸಿಕ್ಕಿದರೆ 1125. ಅದನ್ನು 21.5 ಲೀಟರಿಗೆ ಹಂಚಿದರೆ 52. ಹೈಡ್ರೋಮೀಟರ್ 1.052 ತೋರಿಸಬೇಕು. ಹುದುಗಿದ ಮೇಲೆ ಅದು 1.012ಕ್ಕೆ ಇಳಿದರೆ, ವ್ಯತ್ಯಾಸ 0.040ನ್ನು 131ರಿಂದ ಗುಣಿಸಿದಾಗ ಗಾತ್ರದಲ್ಲಿ ಸುಮಾರು ಶೇಕಡ 5.2 ಆಲ್ಕೊಹಾಲ್.

ಲೆಕ್ಕ ತಪ್ಪುವುದೆಲ್ಲಿ?

ಮೇಲಿನ ಲೆಕ್ಕದಂತೆ 72.3 ಡಿಗ್ರಿಯ ನೀರನ್ನು ಉಕ್ಕಿನ ತೊಟ್ಟಿಗೆ ಸುರಿದು ಮಾಲ್ಟ್ ಬೆರೆಸಿದರೆ ತಾಪ 66ರಲ್ಲಿ ನಿಲ್ಲುವುದಿಲ್ಲ, ಸುಮಾರು 64.4ಕ್ಕೆ ಇಳಿಯುತ್ತದೆ. ತಪ್ಪಿದ್ದೆಲ್ಲಿ? ಗುಣಾಕಾರದಲ್ಲಲ್ಲ. ತೊಟ್ಟಿಯೂ ತಣ್ಣಗಿತ್ತು, ಅದೂ ಉಷ್ಣವನ್ನು ಹೀರಿತು ಎಂಬುದನ್ನು ನಾವು ಲೆಕ್ಕಕ್ಕೆ ಹಿಡಿದಿರಲಿಲ್ಲ. 5 ಕಿ.ಗ್ರಾಂ. ಉಕ್ಕು, ಅದರ ವಿಶಿಷ್ಟೋಷ್ಣ 0.12, ಅಂದರೆ ಪಾತ್ರೆ 0.6 ಲೀಟರ್ ನೀರಿಗೆ ಸಮ. ಶಾಲೆಯ ಕ್ಯಾಲೊರಿಮೀಟರ್ ಪ್ರಯೋಗದಲ್ಲಿ ಪಾತ್ರೆಯ 'ಜಲತುಲ್ಯಾಂಕ' ಎಂದು ಬರೆದುಕೊಂಡಿದ್ದು ಇದನ್ನೇ. ಇದನ್ನು ಸೇರಿಸಿದರೆ ನೀರು 74 ಡಿಗ್ರಿಯಲ್ಲಿರಬೇಕಾಗುತ್ತದೆ.

ಈ ಸಂಖ್ಯೆಯನ್ನು ಯಾವ ಪುಸ್ತಕವೂ ಹೇಳಲಾರದು, ಏಕೆಂದರೆ ಪುಸ್ತಕ ಬರೆದವರು ನಿಮ್ಮ ಪಾತ್ರೆಯನ್ನು ನೋಡಿಲ್ಲ. ಆದರೆ ಅದನ್ನು ಅರ್ಧ ಗಂಟೆಯಲ್ಲಿ ಅಳೆಯಬಹುದು. ಇದಕ್ಕೆ ಮಾಲ್ಟ್ ಬೇಕಿಲ್ಲ, ಬರೀ ನೀರು ಸಾಕು. 20 ಡಿಗ್ರಿಯಲ್ಲಿರುವ ಖಾಲಿ ಪಾತ್ರೆಗೆ 70 ಡಿಗ್ರಿಯ 10 ಲೀಟರ್ ನೀರು ಸುರಿಯಿರಿ. ಮುಚ್ಚಿ, ಕೆಲವು ನಿಮಿಷ ಬಿಟ್ಟು ನೋಡಿದಾಗ 67 ಡಿಗ್ರಿ ಬಂತೆನ್ನೋಣ. ನೀರು ಕಳೆದುಕೊಂಡದ್ದು 10×3=30 ಕಿಲೋಕ್ಯಾಲೊರಿ. ಪಾತ್ರೆ ಏರಿದ್ದು 47 ಡಿಗ್ರಿ. 30ನ್ನು 47ರಿಂದ ಭಾಗಿಸಿದರೆ 0.64 ಲೀಟರ್. ತೂಕ ಮತ್ತು ವಿಶಿಷ್ಟೋಷ್ಣದಿಂದ ಬಂದ 0.6ಕ್ಕೆ ಇದು ಎಷ್ಟು ಹತ್ತಿರ! ಗಾಳಿಗೆ ಸೋರಿದ ಉಷ್ಣವೂ ಇದರಲ್ಲಿ ಸೇರಿಕೊಂಡಿರುವುದರಿಂದ ಕೆಲಸಕ್ಕೆ ಇದೇ ಹೆಚ್ಚು ಉಪಯುಕ್ತ. ಈ ಪ್ರಯೋಗವನ್ನು ಯಾವುದೇ ಶಾಲೆಯಲ್ಲಿ ಹಿರಿಯರ ಎಚ್ಚರದಲ್ಲಿ, ಊಟದ ಪಾತ್ರೆಯೊಂದಿಗೆ ಮಾಡಿ ನೋಡಬಹುದು.

ತಾಪಮಾಪಕವನ್ನೂ ಹೀಗೆಯೇ ಪರೀಕ್ಷಿಸಬೇಕು. ಕರಗುವ ಮಂಜುಗಡ್ಡೆಯಲ್ಲಿ 0 ತೋರಿಸಬೇಕು. ಕುದಿಯುವ ನೀರಿನಲ್ಲಿ 100 ತೋರಿಸಬೇಕು ಎನ್ನುವುದು ಸಮುದ್ರಮಟ್ಟದ ಮಾತು. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಹವ್ಯಾಸಿಗಳ ಸಂಘ ಹುಟ್ಟಿದ ಬೋಲ್ಡರ್ ನಗರ 1,600 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿ ಅದು 95ಕ್ಕೂ ತುಸು ಕಡಿಮೆ. ಇದು ತಿಳಿಯದಿದ್ದರೆ ಸರಿಯಿರುವ ತಾಪಮಾಪಕವನ್ನೇ ಕೆಟ್ಟದ್ದೆಂದು ಎಸೆಯುವ ಸಂಭವವಿದೆ. ಹೈಡ್ರೋಮೀಟರಿಗೂ ಅದರದೇ ಷರತ್ತಿದೆ. ಅದರ ಗುರುತುಗಳು ಒಂದು ನಿಗದಿತ ತಾಪಕ್ಕೆ ಮಾತ್ರ ಸರಿ. ಬಿಸಿ ವರ್ಟ್ ಹಿಗ್ಗಿರುವುದರಿಂದ ಅದರಲ್ಲಿ ಸಾಂದ್ರತೆ ಕಡಿಮೆ ತೋರುತ್ತದೆ. 1843ರಲ್ಲಿ ಪ್ರಾಗ್ ನಗರದ ಬಾಲಿಂಗ್ ತಮ್ಮ ಕೋಷ್ಟಕವನ್ನು 17.5 ಡಿಗ್ರಿಗೂ, 1900ರಲ್ಲಿ ಜರ್ಮನಿಯ ಪ್ಲಾಟೊ ಅದನ್ನು ಪರಿಷ್ಕರಿಸಿ 20 ಡಿಗ್ರಿಗೂ ಕಟ್ಟಿದ್ದು ಇದೇ ಕಾರಣಕ್ಕೆ.

ಈಗ ಇಷ್ಟೆಲ್ಲ ಲೆಕ್ಕವನ್ನೂ ಗಣಕದ ತಂತ್ರಾಂಶ ಕ್ಷಣದಲ್ಲಿ ಮಾಡಿಕೊಡುತ್ತದೆ. ಅದರಲ್ಲಿ 'ಸಲಕರಣೆಯ ವಿವರ' ಎಂಬ ಒಂದು ಪಟ್ಟಿ ಇರುತ್ತದೆ: ಪಾತ್ರೆಯ ತೂಕ, ತಳದಲ್ಲಿ ಉಳಿಯುವ ದ್ರವ, ಗಂಟೆಗೆ ಆವಿಯಾಗುವ ನೀರು, ಸಿಗುವ ಸಕ್ಕರೆಯ ಶೇಕಡಾವಾರು. ಹೊಸಬರು ಸಾಮಾನ್ಯವಾಗಿ ಅದರಲ್ಲಿ ಮೊದಲೇ ತುಂಬಿರುವ ಸಂಖ್ಯೆಗಳನ್ನು ಹಾಗೆಯೇ ಬಿಡುತ್ತಾರೆ. ಅವು ಬೇರೆ ಯಾರದೋ ಪಾತ್ರೆಯ, ಬೇರೆ ಯಾವುದೋ ಒಲೆಯ ಸಂಖ್ಯೆಗಳು. ಬಂದ ಉತ್ತರ ದಶಮಾಂಶದವರೆಗೆ ನಿಖರವಾಗಿ ಕಾಣುತ್ತದೆ, ಮ್ಯಾಶ್ ಮಾತ್ರ ಎರಡು ಡಿಗ್ರಿ ತಪ್ಪಿರುತ್ತದೆ. ಮೂರು ನಾಲ್ಕು ಬಾರಿ ತಾವೇ ಅಳೆದು ಬರೆದಿಟ್ಟು ಆ ಪಟ್ಟಿಯನ್ನು ತಿದ್ದಿದವರಿಗೆ ಮಾತ್ರ ಲೆಕ್ಕ ಒಲಿಯುತ್ತದೆ.

ಈ ದೃಷ್ಟಿಯಿಂದ ಬ್ಯಾವರ್‌ಸ್ಟಾಕ್‌ನ ತಂದೆಯನ್ನು ಪೂರ್ತಿ ತಪ್ಪೆನ್ನಲಾಗದು. ಆತನ ಬೆರಳಿಗೆ ತನ್ನ ತೊಟ್ಟಿ ಗೊತ್ತಿತ್ತು, ತನ್ನ ಒಲೆ ಗೊತ್ತಿತ್ತು. ಆ ತಿಳಿವನ್ನು ಇನ್ನೊಬ್ಬರಿಗೆ ದಾಟಿಸುವ, ಬೇರೆ ತೊಟ್ಟಿಗೆ ಒಯ್ಯುವ ದಾರಿ ಮಾತ್ರ ಇರಲಿಲ್ಲ. ಮಗ ಬಚ್ಚಿಟ್ಟಿದ್ದ ಗಾಜಿನ ಕೊಳವೆ ಕೊಟ್ಟಿದ್ದು ಆ ದಾರಿಯನ್ನು. ಆದರೆ ಸೂತ್ರವನ್ನು ಕೈಯಲ್ಲಿ ಹಿಡಿದು ಪಾತ್ರೆಯನ್ನು ಮರೆತರೆ, ಮಗ ಪಡೆದದ್ದೂ ಇಲ್ಲ, ತಂದೆಗೆ ಇದ್ದದ್ದೂ ಇಲ್ಲ. ಮುಂದಿನ ಬಾರಿ ಮನೆಯಲ್ಲಿ ರಾಗಿ ಸರಿ ಕಾಯಿಸುವಾಗ ಅಜ್ಜಿ ಯಾವ ಹದದಲ್ಲಿ ಉರಿ ತಗ್ಗಿಸುತ್ತಾರೆಂದು ಗಮನಿಸಿ. ಆಮೇಲೆ ಅದೇ ಹದಕ್ಕೆ ಒಂದು ತಾಪಮಾಪಕ ಹಿಡಿದು ನೋಡಿ. ಎರಡನ್ನೂ ಪಕ್ಕಪಕ್ಕದಲ್ಲಿ ಬರೆದಿಟ್ಟುಕೊಳ್ಳಿ.